ಎದ್ದು ನಿಲ್ಲುವ ಬಲ: ಒಮಾನಿನ ಹೃದ್ರೋಗಿಗಳೂ ಮನೆಯ ವ್ಯಾಯಾಮವೂ

ಹೃದ್ರೋಗಿಗಳು ಬೀಳುವುದಕ್ಕೆ ಮುಪ್ಪೊಂದೇ ಕಾರಣವಲ್ಲ. ನೀರಿಳಿಸುವ ಮಾತ್ರೆ, ಬಿ.ಪಿ. ಮಾತ್ರೆ, ಎದೆಬಡಿತದ ಏರುಪೇರು, ಆಸ್ಪತ್ರೆಯಲ್ಲಿ ಮಲಗಿ ಸೊರಗಿದ ತೊಡೆ ಎಲ್ಲ ಸೇರಿಕೊಂಡು, ರಾತ್ರಿ ಮೂತ್ರಕ್ಕೆಂದು ಎದ್ದವರಿಗೆ ಕಣ್ಣು ಕತ್ತಲಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರ ತಲೆಗೆ ಪೆಟ್ಟಾದರಂತೂ ಜೀವಕ್ಕೇ ಅಪಾಯ. ಇಷ್ಟಿದ್ದೂ, ಹೃದಯಕ್ಕೆಂದು ಮಾಡಿಸುವ ವ್ಯಾಯಾಮ ಮತ್ತು ಬೀಳದಂತೆ ಮಾಡಿಸುವ ವ್ಯಾಯಾಮ ದಶಕಗಟ್ಟಲೆ ಬೇರೆ ಬೇರೆ ದಾರಿಯಲ್ಲೇ ನಡೆದವು.

ಹಿಂದೆಲ್ಲ ಹೃದಯಾಘಾತವಾದವರನ್ನು ವಾರಗಟ್ಟಲೆ ಅಲುಗಾಡದಂತೆ ಮಲಗಿಸುತ್ತಿದ್ದರು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಅಂಥವರನ್ನು ಕುರ್ಚಿಯಲ್ಲಿ ಕೂರಿಸಿ ತೋರಿಸಿದರು. 1966ರಲ್ಲಿ ಡಲ್ಲಾಸಿನಲ್ಲಿ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಮಲಗಿಸಿದಾಗ ಅವರ ದೇಹ ಆಮ್ಲಜನಕ ಬಳಸಿಕೊಳ್ಳುವ ಶಕ್ತಿ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಆಮೇಲೆ ನಡಿಗೆ ಬಂತು, ಸೈಕಲ್ ಬಂತು. ಆದರೆ ಅಳೆದದ್ದು ನಾಡಿ ಮತ್ತು ಉಸಿರನ್ನು. ರೋಗಿ ಒಂಟಿಕಾಲಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲ ಎಂದು ಕೇಳುವವರು ಕಡಿಮೆ.

ಆ ಪ್ರಶ್ನೆ ಹುಟ್ಟಿದ್ದು ವೃದ್ಧರ ಆರೈಕೆಯಲ್ಲಿ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಡುನೆಡಿನ್ ಊರಿನ 80 ಮತ್ತು ಮೇಲ್ಪಟ್ಟ ವಯಸ್ಸಿನ ಹೆಂಗಸರ ಮನೆಗೇ ಫಿಸಿಯೋಥೆರಪಿಸ್ಟರನ್ನು ಕಳಿಸಿದರು. ಕಣಕಾಲಿಗೆ ತೂಕ ಕಟ್ಟಿ ಕಾಲೆತ್ತುವುದು, ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು, ಕುರ್ಚಿಯಿಂದ ಕೈಯೂರದೆ ಏಳುವುದು, ಇಂಥವೇ ಪಾಠಗಳು. ಬೀಳುವುದು ಕಡಿಮೆಯಾಯಿತೆಂದು 1997ರಲ್ಲಿ ವರದಿ ಬಂತು. ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು: ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು 23% ಇಳಿಯುತ್ತದೆ.

ಎರಡು ದಾರಿ ಕೂಡಿದ್ದು ತೀರಾ ಈಚೆಗೆ. ಅಮೆರಿಕದ ರಿಹ್ಯಾಬ್-ಎಚ್‌ಎಫ್ ಪ್ರಯೋಗದಲ್ಲಿ (2021) ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರಿದ್ದ 349 ಹಿರಿಯರು ಭಾಗವಹಿಸಿದರು. ಒಂದು ಗುಂಪಿಗೆ ಬಲ, ಸಮತೋಲ, ಚಲನೆ, ದಮ್ಮು ನಾಲ್ಕನ್ನೂ ಕಲಿಸಿದರು. ಅವರ ಓಡಾಟದ ಶಕ್ತಿ ಸ್ಪಷ್ಟವಾಗಿ ಹೆಚ್ಚಿತು. ಮತ್ತೆ ಆಸ್ಪತ್ರೆ ಸೇರುವುದು ಮಾತ್ರ ಗಮನಾರ್ಹವಾಗಿ ತಗ್ಗಲಿಲ್ಲ. ಹಾಗಿದ್ದರೂ ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ತಿರುವು ಇದೇ.

ಒಮಾನಿಗೆ ಬರೋಣ. 1970ಕ್ಕೆ ಮುಂಚೆ ಮತ್ರಾದ ಮಿಷನ್ ಆಸ್ಪತ್ರೆಯಂಥ ಒಂದೆರಡನ್ನೇ ನೆಚ್ಚಿದ್ದ ದೇಶವಿದು. 1987ರಲ್ಲಿ ಮಸ್ಕತ್ತಿನ ರಾಯಲ್ ಆಸ್ಪತ್ರೆ ಬಂತು; 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಮಾನಿನ ಆರೋಗ್ಯ ವ್ಯವಸ್ಥೆಗೆ ಜಗತ್ತಿನಲ್ಲಿ ಎಂಟನೇ ಸ್ಥಾನ ಕೊಟ್ಟಿತು. 2012ರಲ್ಲಿ ಒಮಾನ್ ಸೇರಿ ಏಳು ದೇಶಗಳ ಹೃದಯ ವೈಫಲ್ಯದ ರೋಗಿಗಳನ್ನು ದಾಖಲಿಸಿದ ಗಲ್ಫ್ ಕೇರ್ ಅಧ್ಯಯನದಲ್ಲಿ ಸರಾಸರಿ ವಯಸ್ಸು 59 ಮಾತ್ರ. ಬೀಳುವುದು ಎಂಬತ್ತರವರ ಚಿಂತೆ ಎಂದುಕೊಂಡು ಕೂರುವಂತಿಲ್ಲ. ಆಸ್ಪತ್ರೆಗೆ ಹೋಗಿಬರುವ ದಾರಿಯೂ ಸಣ್ಣದಲ್ಲ: ಮಸ್ಕತ್ತಿನಿಂದ ದಕ್ಷಿಣದ ಸಲಾಲಾ ಊರಿಗೆ ಸುಮಾರು ಸಾವಿರ ಕಿಲೋಮೀಟರ್. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಬಂದು ವ್ಯಾಯಾಮ ಮಾಡಿ ಎಂದರೆ ಯಾರು ಬಂದಾರು? ಮನೆಯೇ ಸರಿಯಾದ ಜಾಗ.

ಒಮಾನಿ ಮನೆಯಲ್ಲಿ ನೆಲಕ್ಕೆ ಹಾಸಿ, ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವ ವಾಡಿಕೆಯಿದೆ. ಅಲ್ಲಿಂದ ಏಳಲು ತೊಡೆಯ ಬಲವೇ ಬೇಕು. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವುಝೂ ನೋಡಿ: ಪಾದ ತೊಳೆಯಲು ಒಂದು ಕಾಲನ್ನು ವಾಶ್‌ಬೇಸಿನ್ನಿಗೆ ಎತ್ತಿದರೆ, ಇಡೀ ಮೈಭಾರ ಒದ್ದೆ ನೆಲದ ಮೇಲಿನ ಇನ್ನೊಂದು ಕಾಲಿಗೆ. ಅಭ್ಯಾಸವನ್ನು ಇವುಗಳ ಸುತ್ತಲೇ ಹೆಣೆಯಬೇಕು: ಗಟ್ಟಿ ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ವುಝೂವನ್ನು ಕೂತೇ ಮಾಡುವುದು. ಉಪವಾಸದ ತಿಂಗಳಲ್ಲಿ ಮೈಯ ನೀರು ಬತ್ತುವುದರಿಂದ, ಮಾತ್ರೆಯ ಹೊತ್ತನ್ನು ವೈದ್ಯರನ್ನು ಕೇಳಿಯೇ ಬದಲಿಸಬೇಕು.

ಮಸ್ಕತ್ತಿನ ರೂವಿ ಬಡಾವಣೆಯ ಫ್ಲ್ಯಾಟುಗಳಲ್ಲಿ ಮಕ್ಕಳ ಮನೆಗೆ ಬಂದು ಉಳಿಯುವ ನಮ್ಮ ಕರಾವಳಿಯ ಅಪ್ಪ ಅಮ್ಮಂದಿರಿಗೂ ಇದೇ ಮಾತು. ಯೋಗ ಇದೆಯಲ್ಲ ಎನ್ನುವವರಿದ್ದಾರೆ. ಭಾರತದ 24 ಆಸ್ಪತ್ರೆಗಳಲ್ಲಿ ನಡೆದ ಯೋಗ-ಕೇರ್ ಪ್ರಯೋಗದಲ್ಲಿ, ಯೋಗ ಮಾಡಿದ ಹೃದಯಾಘಾತದ ರೋಗಿಗಳು ಹಿಂದಿನ ಚಟುವಟಿಕೆಗಳಿಗೆ ಹೆಚ್ಚು ಮರಳಿದ್ದು ನಿಜ. ಆದರೆ ತಲೆ ತಗ್ಗಿಸಿ ದಿಢೀರನೆ ಏಳುವ ಆಸನ ಇವರಿಗೆ ಬೇಡ. ಬೈಪಾಸ್ ಆದವರು ಎದೆಮೂಳೆ ಕೂಡುವ ತನಕ ಕೈಯೂರಿ ಮೈಭಾರ ಎತ್ತಬಾರದು. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20 ಅಂಕ ಇಳಿದರೆ, ವ್ಯಾಯಾಮಕ್ಕೆ ಮುಂಚೆ ಮಾತ್ರೆಯನ್ನು ವೈದ್ಯರು ಮತ್ತೆ ನೋಡಬೇಕು.

ಆಸ್ಪತ್ರೆಯಿಂದ ಮನೆಗೆ ಕಳಿಸುವ ದಿನ ಇ.ಸಿ.ಜಿ. ತಪ್ಪದೆ ನೋಡುತ್ತಾರೆ. ಅದರ ಜೊತೆಗೆ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಲು ಒಂದು ಕೈಗಡಿಯಾರ ಸಾಕು. ಹನ್ನೆರಡು ಸೆಕೆಂಡು ಅಥವಾ ಹೆಚ್ಚು ಹಿಡಿದವರ ಕೈಗೆ ಅವರ ಭಾಷೆಯಲ್ಲೇ ಬರೆದ ವ್ಯಾಯಾಮದ ಹಾಳೆ ಕೊಟ್ಟು, ಒಮ್ಮೆ ಎದುರಿಗೇ ಮಾಡಿಸಿ ಕಳಿಸಲಿ.