ಕನ್ನಡಿಗೆ ಬೆನ್ನು ಹಾಕಿದ ಕುಣಿತ



ಜನವರಿ ಒಂದರಂದು ಜಿಮ್‌ಗೆ ಇಡೀ ವರ್ಷದ ಫೀ ಕಟ್ಟಿ, ಫೆಬ್ರವರಿ ಹೊತ್ತಿಗೆ ಆ ದಾರಿಯನ್ನೇ ಮರೆತವರು ನಿಮ್ಮಲ್ಲಿ ಎಷ್ಟು ಮಂದಿ? ನಾಚಿಕೊಳ್ಳಬೇಡಿ, ನಾನೂ ಅವರಲ್ಲೊಬ್ಬಳು. ಲೋಕಲ್ ಟ್ರೇನಿನ ನೂಕುನುಗ್ಗಲಿನಿಂದ ಪಾರಾಗಿ ಮನೆ ಸೇರುವಾಗ ರಾತ್ರಿ ಎಂಟು. ಆಮೇಲೆ ಟ್ರೆಡ್‌ಮಿಲ್ ಹತ್ತಿ ಗೋಡೆ ನೋಡುತ್ತ ಓಡು ಎಂದರೆ ಯಾರ ಕಾಲು ಏಳುತ್ತದೆ ಹೇಳಿ? ಅದೇ ಕಾಲು ನವರಾತ್ರಿಯಲ್ಲಿ ಗರ್ಬಾಕ್ಕೆ ಇಳಿದರೆ ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಈ ವ್ಯತ್ಯಾಸವನ್ನು ಗಮನಿಸಿದವರ ಕತೆ ಇವತ್ತಿನದು.

ತಾಳಕ್ಕೆ ತಕ್ಕ ಕಸರತ್ತು ನಮಗೆ ಹೊಸದೇನಲ್ಲ. ಬೆಳಗಾವಿ, ವಿಜಯಪುರದ ಕಡೆಯಿಂದ ಬಂದವರು ಲೇಜಿಮ್ ಹಿಡಿದೇ ಶಾಲೆಯ ಮೈದಾನದಲ್ಲಿ ಬೆಳೆದವರು. ಮಹಾರಾಷ್ಟ್ರದಲ್ಲಿ ಅದು ವ್ಯಾಯಾಮಶಾಲೆಯ ಪಾಠವೂ ಹೌದು, ಗಣಪತಿ ಮೆರವಣಿಗೆಯ ಕುಣಿತವೂ ಹೌದು. ಇನ್ನು ಊರ ಕಡೆಯ ನಮ್ಮ ಯಕ್ಷಗಾನ ಕಲಾವಿದರನ್ನು ಕೇಳಿ: ಚೆಂಡೆ ನುಡಿಯುವವರೆಗೆ ದಣಿವು ರಂಗಸ್ಥಳದ ಹೊರಗೇ ನಿಂತಿರುತ್ತದೆ.

ಇದನ್ನೇ ಕ್ಲಾಸಿನ ರೂಪಕ್ಕೆ ತಂದದ್ದು ಅಮೆರಿಕದ ಜೂಡಿ ಶೆಪರ್ಡ್ ಮಿಸೆಟ್. 1969ರಲ್ಲಿ ಷಿಕಾಗೋ ಪಕ್ಕದ ಎವಾನ್‌ಸ್ಟನ್‌ನಲ್ಲಿ ಆಕೆ ಜಾಜ್ ನೃತ್ಯ ಕಲಿಸುತ್ತಿದ್ದರು. ಗೃಹಿಣಿಯರು ಬಂದು ಸೇರುತ್ತಿದ್ದರು, ಕೆಲವೇ ವಾರಗಳಲ್ಲಿ ಬಿಟ್ಟು ಹೋಗುತ್ತಿದ್ದರು. ಬೇರೆ ಟೀಚರ್ ಆಗಿದ್ದರೆ ‘ಇವರಿಗೆ ಶ್ರದ್ಧೆಯಿಲ್ಲ’ ಎಂದು ಸುಮ್ಮನಾಗುತ್ತಿದ್ದರೇನೋ. ಜೂಡಿ ಅವರನ್ನೇ ಹೋಗಿ ಕೇಳಿದರು. ನಮಗೆ ನರ್ತಕಿ ಆಗಬೇಕಿಲ್ಲ, ನರ್ತಕಿಯ ಹಾಗೆ ಕಂಡರೆ ಸಾಕು ಎಂಬ ಉತ್ತರ ಬಂತು. ಆಗ ಆಕೆ ಮಾಡಿದ ಕೆಲಸ ಚಿಕ್ಕದು. ಎಲ್ಲರನ್ನೂ ಕನ್ನಡಿಗೆ ಬೆನ್ನು ಹಾಕಿ ನಿಲ್ಲಿಸಿದರು. ಹೆಜ್ಜೆಗಳನ್ನು ಸರಳ ಮಾಡಿದರು. ತಪ್ಪಿದ ಹೆಜ್ಜೆ ತನಗೇ ಕಾಣದಿದ್ದಾಗ ಬಿಡುವವರು ಕಡಿಮೆಯಾದರು. ಅದೇ ಮುಂದೆ ಜಾಜರ್‌ಸೈಜ್ ಎಂದು ಹೆಸರಾಯಿತು. ನನ್ನನ್ನು ಕೇಳಿದರೆ, ಈ ಇತಿಹಾಸದ ದೊಡ್ಡ ಘಟನೆ ಇದೇ. 1982ರಲ್ಲಿ ಬಂದ ಜೇನ್ ಫೋಂಡಾ ವಿಡಿಯೋ ಕ್ಯಾಸೆಟ್ಟು ಅದರ ನಂತರದ ಗದ್ದಲ.

ನಮ್ಮ ಮುಂಬಯಿಗೆ ಬರೋಣ. 1985ರಲ್ಲಿ ಶ್ಯಾಮಕ್ ದಾವರ್ ಇಲ್ಲಿ ನೃತ್ಯದ ತರಗತಿ ಶುರು ಮಾಡಿದರು. 1997ರ ‘ದಿಲ್ ತೋ ಪಾಗಲ್ ಹೈ’ ಚಿತ್ರದ ನೃತ್ಯ ಸಂಯೋಜನೆಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಟ್ರ್ಯಾಕ್ ಪ್ಯಾಂಟು ತೊಟ್ಟು ಬೆವರು ಸುರಿಸಿ ಕುಣಿಯುವುದು ಒಳ್ಳೆಯ ಮನೆತನದ ಹುಡುಗಿಯರಿಗೂ ಒಪ್ಪುವ ಸಂಗತಿ ಎಂದು ಎಷ್ಟೋ ಅಪ್ಪ ಅಮ್ಮಂದಿರಿಗೆ ಅನಿಸತೊಡಗಿದ್ದು ಆ ಕಾಲದಲ್ಲೇ.

ಇನ್ನೊಂದು ಪ್ರಯೋಗ ನೃತ್ಯದ್ದಲ್ಲ, ಆದರೂ ಇಲ್ಲಿ ಹೇಳಲೇಬೇಕು. 1995ರ ಮಾರ್ಚ್ 13ರಂದು ಅಂಧೇರಿಯ ಲೋಖಂಡವಾಲಾದಲ್ಲಿ ಡಾ. ಮದನ್ ಕಟಾರಿಯಾ ಐದೇ ಜನರೊಂದಿಗೆ ನಗೆಕೂಟ ಆರಂಭಿಸಿದರು. ಮೊದಲು ಜೋಕು ಹೇಳಿ ನಗುತ್ತಿದ್ದರು. ಕೆಲವು ದಿನಗಳಲ್ಲೇ ಜೋಕಿನ ಸರಕು ಮುಗಿಯಿತು, ಒಂದೆರಡು ಜೋಕು ಮನಸ್ಸೂ ನೋಯಿಸಿತು. ಹಾಗಾದರೆ ಜೋಕೇ ಬೇಡ, ಸುಮ್ಮನೆ ಒಟ್ಟಿಗೆ ನಗೋಣ ಎಂದರು ಡಾಕ್ಟರು. ಜನ ಮಾರನೆಯ ದಿನವೂ ಬಂದರು! ಅಂದರೆ ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಜೋಕಲ್ಲ, ಪಕ್ಕದಲ್ಲಿ ನಿಂತು ನಗುವವರು.

ಜುಂಬಾ ಹುಟ್ಟಿದ್ದು ಮರೆವಿನಿಂದ. ಕೊಲಂಬಿಯಾದ ಕಾಲಿ ನಗರದ ಬೇಟೋ ಪೆರೆಸ್ ಒಂದು ದಿನ ಏರೋಬಿಕ್ಸ್ ಟೇಪ್ ಮರೆತು ಬಂದು, ಚೀಲದಲ್ಲಿದ್ದ ಸಾಲ್ಸಾ, ಮೆರೆಂಗೆ ಹಾಡುಗಳನ್ನೇ ಹಾಕಿದರಂತೆ. 2001ರಲ್ಲಿ ಅಮೆರಿಕದಲ್ಲಿ ಅದು ಕಂಪನಿಯಾಯಿತು. 2014ರ ನವೆಂಬರ್‌ನಲ್ಲಿ ಬಾಂದ್ರಾ ಕಡೆ ಭಾನುವಾರ ಬೆಳಿಗ್ಗೆ ವಾಹನ ತಡೆದು ‘ಈಕ್ವಲ್ ಸ್ಟ್ರೀಟ್ಸ್’ ನಡೆಸಿದಾಗ ಮುಂಬಯಿಯ ನಡುರಸ್ತೆಯಲ್ಲೇ ಜನ ಕುಣಿದರು.

ವಿಜ್ಞಾನ ಏನನ್ನುತ್ತದೆ? ಬ್ರಿಟನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ಕೋಸ್ಟಾಸ್ ಕರಾಗಿಯೋರ್ಗಿಸ್ ವರ್ಷಗಟ್ಟಲೆ ಇದನ್ನೇ ಪರೀಕ್ಷಿಸಿದರು. ಹದವಾದ ವ್ಯಾಯಾಮದಲ್ಲಿ ಸಂಗೀತ ಇದ್ದರೆ ಅದೇ ಶ್ರಮ ಕಡಿಮೆ ಅನಿಸುತ್ತದೆ. ಉಸಿರು ಕಟ್ಟುವಷ್ಟು ಓಡಿದರೆ ಮಾತ್ರ ಹಾಡಿನ ಆಟ ನಡೆಯದು. 2009ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು 12 ದೋಣಿಗಾರರನ್ನು ಪರೀಕ್ಷಿಸಿದರು. ಒಬ್ಬೊಬ್ಬರೇ ಹುಟ್ಟು ಹಾಕಿದಾಗಲೂ, ಒಟ್ಟಿಗೆ ಒಂದೇ ಲಯದಲ್ಲಿ ಹಾಕಿದಾಗಲೂ ಶ್ರಮ ಒಂದೇ. ಆದರೆ ಒಟ್ಟಿಗಿದ್ದಾಗ ನೋವು ತಾಳುವ ಶಕ್ತಿ ಹೆಚ್ಚಾಗಿತ್ತು.

ಹಾಗೆಂದು ಎಲ್ಲ ಕ್ಲಾಸೂ ಜನರನ್ನು ಉಳಿಸಿಕೊಳ್ಳುತ್ತದೆ ಎನ್ನಲಾರೆ. ಒಂದು ಕಡೆ ಸೇರಿದ್ದೆ. ಮೂರು ಗೋಡೆಗೂ ಕನ್ನಡಿ, ಮುಂದಿನ ಸಾಲಿನಲ್ಲಿ ಕಾಲೇಜು ಹುಡುಗಿಯರು. ‘ಆಂಟಿ, ನೀವು ಹಿಂದೆ ನಿಂತ್ಕೊಳ್ಳಿ’ ಅಂದರು. ಹಿಂದೆ ನಿಂತೆ, ಮರುವಾರ ಹೊರಗೇ ಉಳಿದೆ. ಮೊಣಕಾಲು ನೋವಿದ್ದವರಿಗೆ ಜಿಗಿಯಬೇಡಿ ಎಂದು ಹೇಳುವವರೂ ಅಲ್ಲಿರಲಿಲ್ಲ.

ಈಗ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ವಾರಕ್ಕೆ ಮೂರು ದಿನ ಸೇರುತ್ತೇವೆ. ಕಲಿಸುತ್ತಿದ್ದ ಹುಡುಗಿ ಮದುವೆಯಾಗಿ ಹೋದಳು. ಇಪ್ಪತ್ತು ಇದ್ದವರು ಏಳಾದೆವು. ಮೂರನೆಯ ಮಹಡಿಯ ಗುಜರಾತಿ ಬೆಹನ್ ಗರ್ಬಾ ಹಾಡು ತರುತ್ತಾರೆ, ನಾನು ರಾಜ್‌ಕುಮಾರ್ ಹಾಡು. ಹೆಜ್ಜೆ ಯಾರಿಗೂ ಸರಿ ಬರುವುದಿಲ್ಲ. ಒಂದು ದಿನ ತಪ್ಪಿಸಿದರೆ ಮಾತ್ರ ಸಂಜೆಯೊಳಗೆ ಬಾಗಿಲು ಬಡಿದು ಕೇಳುತ್ತಾರೆ: ‘ಕ್ಯಾ ಹುವಾ, ತಬಿಯತ್ ಠೀಕ್ ಹೈ ನಾ?’