ಸುರಪುರದ ಬಾಲರಾಜ ಮತ್ತು ಒಬ್ಬ ತಾಯಿಯ ಬೇಸಿಗೆ



ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಬೇಸಿಗೆಯನ್ನು ನಿಮಗೆ ವರ್ಣಿಸಿ ಹೇಳಬೇಕಾಗಿಲ್ಲ. ಯುಗಾದಿಯ ಹೊತ್ತಿಗೇ ಬೆಟ್ಟದ ಬಂಡೆಗಳು ಕಾಯತೊಡಗುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಚೇರಿಗಳ ವೇಳೆಯನ್ನೇ ಮುಂಜಾನೆಗೆ ಬದಲಿಸುವ ರೂಢಿ ನಮ್ಮ ಭಾಗದ್ದು. ಆದರೂ ನನ್ನ ಪಾಲಿಗೆ ವರ್ಷದ ಸವಿಯಾದ ದಿನಗಳೆಂದರೆ ಇವೇ. ಹಗಲು ಹೊತ್ತಿನಲ್ಲಿ ಓಣಿಯ ಹೆಂಗಸರೆಲ್ಲ ಕೂಡಿ ಶಾವಿಗೆ ಹೊಸೆಯುವುದು, ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆಗಳನ್ನು ಒಣಹಾಕುವುದು. ರಾತ್ರಿ ಅದೇ ಮಾಳಿಗೆಗೆ ನೀರು ಚಿಮುಕಿಸಿ, ಹಾಸಿಗೆ ಹಾಸಿ, ಮಕ್ಕಳೊಡನೆ ನಕ್ಷತ್ರ ನೋಡುತ್ತ ಮಲಗುವುದು. ಶಾಲೆಯಲ್ಲಿ ನಲವತ್ತು ನಿಮಿಷದ ಅವಧಿಯೊಳಗೆ ಹೇಳಲಾಗದ ಕತೆಗಳನ್ನು ನಾನು ಹೇಳಿದ್ದು ಅಲ್ಲಿಯೇ.

ಒಂದು ರಾತ್ರಿ ಸುರಪುರದ ರಾಜಾ ನಾಲ್ವಡಿ ವೆಂಕಟಪ್ಪ ನಾಯಕರ ಕತೆ ಹೇಳುತ್ತಿದ್ದೆ. ಯುದ್ಧ, ಸೆರೆ, ವಿಚಾರಣೆ ಎಲ್ಲವೂ ಮುಗಿದ ಮೇಲೆ ಚಿಕ್ಕ ಮಗ ಕೇಳಿದ: "ಅವ್ವಾ, ಆ ರಾಜಾಗ ಅವ್ವ ಇರಲಿಲ್ಲೇನು?" ಪಾಠಪುಸ್ತಕದಲ್ಲಿ ಎಂದೂ ಬಾರದ ಪ್ರಶ್ನೆ ಅದು. ಅಂದಿನಿಂದ ಆ ಇತಿಹಾಸವನ್ನು ನಾನು ಬೇರೆಯೇ ಕಣ್ಣಿನಿಂದ ಓದತೊಡಗಿದೆ.

ಸುರಪುರದ ಬೇಡ ನಾಯಕರ ಶೌರ್ಯ ನಿಮಗೆಲ್ಲ ತಿಳಿದದ್ದೇ. ಮುಪ್ಪಿನ ವಯಸ್ಸಿನಲ್ಲಿ ಔರಂಗಜೇಬನು 1705ರಲ್ಲಿ ಸ್ವತಃ ದಂಡೆತ್ತಿ ಬಂದದ್ದು ಇದೇ ಮನೆತನದ ವಾಗಣಗೇರಾ ಕೋಟೆಯ ಮೇಲೆ. ಮುಂದೆ ಈ ಸಂಸ್ಥಾನವು ಹೈದರಾಬಾದಿನ ನಿಜಾಮನಿಗೆ ಕಪ್ಪ ಕೊಡುವ ಸ್ಥಿತಿಗೆ ಬಂದಿತು. 1840ರ ದಶಕದ ಆರಂಭದಲ್ಲಿ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಸಂಸ್ಥಾನವು ಸಾಲದಲ್ಲಿ ಮುಳುಗಿತ್ತು. ಉತ್ತರಾಧಿಕಾರಿಯಾದ ವೆಂಕಟಪ್ಪ ನಾಯಕನು ಏಳೆಂಟು ವರ್ಷದ ಹುಡುಗ. ಒಂದು ಕಡೆ ತಾಯಿ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ಚಿಕ್ಕಪ್ಪ ಪಿಡ್ಡ ನಾಯಕ. ಇಬ್ಬರ ನಡುವೆ ಅಧಿಕಾರದ ಎಳೆದಾಟ. ಆಡಳಿತವನ್ನು ಸರಿದಾರಿಗೆ ತರಲೆಂದು ಬ್ರಿಟಿಷರು ಕಳುಹಿಸಿದ ಅಧಿಕಾರಿಯೇ ಫಿಲಿಪ್ ಮೆಡೋಸ್ ಟೇಲರ್.

ಈ ಟೇಲರ್ ಸಹ ಮನೆಯ ಸುಖವನ್ನು ಬಹುಕಾಲ ಕಂಡವನಲ್ಲ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದು ತುಂಬಿದ ವಯಸ್ಸಿನಲ್ಲೇ ಒಬ್ಬಂಟಿಯಾಗಿ ಹಡಗು ಹತ್ತಿ ಮುಂಬಯಿಗೆ ಬಂದವನು. ನಮ್ಮ ಲೆಕ್ಕದಲ್ಲಿ ಒಂಬತ್ತನೆಯ ತರಗತಿಯ ಹುಡುಗ! 1844ರಲ್ಲಿ, ಸುರಪುರದ ಕೆಲಸದ ನಡುವೆಯೇ ಹೆಂಡತಿಯನ್ನೂ ಕಳೆದುಕೊಂಡ. ಸುರಪುರದ ಬೆಟ್ಟದ ಮೇಲೆ ಅವನು ಕಟ್ಟಿಸಿದ ಬಂಗಲೆ 'ಟೇಲರ್ ಮಂಜಿಲ್' ಎಂಬ ಹೆಸರಿನಿಂದ ಇಂದಿಗೂ ಪ್ರಸಿದ್ಧವಾಗಿದೆ. ಸುರಪುರದ ಅರಸರು ಕಟ್ಟಿಸಿದ್ದ ಬೋನಾಳ ಕೆರೆಯನ್ನು ಸುಧಾರಿಸಿದವನೂ ಅವನೇ.

ಬಾಲರಾಜನು ಈ ಪರದೇಶಿಯನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ಈ ಒಂದು ಶಬ್ದದಲ್ಲಿ ಎಷ್ಟು ಅರ್ಥವಿದೆಯೆಂಬುದನ್ನು ಮಕ್ಕಳನ್ನು ಬೆಳೆಸಿದವರು ಬಲ್ಲರು. ಅರಮನೆ ತುಂಬ ಜನರಿದ್ದರು. ಆದರೆ ಹುಡುಗನ ಸುತ್ತ ಇದ್ದವರಲ್ಲಿ ಹೆಚ್ಚಿನವರು ಅವನ ಗಾದಿಯನ್ನು ನೋಡುತ್ತಿದ್ದರು. ಸರಕಾರದ ಪರವಾಗಿ ಬಂದ ಟೇಲರ್‌ಗೂ ತನ್ನ ಕರ್ತವ್ಯವೇ ಮೊದಲು. ಆದರೂ ಹುಡುಗನು ಅವನಲ್ಲಿ ತಂದೆಯನ್ನು ಅರಸಿದ.

ರಾಣಿ ಈಶ್ವರಮ್ಮನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾವು ಓದುವ ಆಕೆಯ ಚಿತ್ರವು ಬಹುಪಾಲು ಟೇಲರನ ಆತ್ಮಕಥೆಯಿಂದ ಬಂದದ್ದು. ಅದು ಅವನ ಮರಣದ ಮರುವರ್ಷ, 1877ರಲ್ಲಿ, ಮಗಳ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಅದರಲ್ಲಿ ರಾಣಿಯು ಹಟಮಾರಿ, ಅಧಿಕಾರದಾಹಿ. ಇರಬಹುದು. ಆದರೆ ಗಂಡ ತೀರಿ, ಖಜಾನೆ ಬರಿದಾಗಿ, ಮೈದುನನ ಭಯ ಒಂದು ಕಡೆ, ಪರದೇಶದ ಅಧಿಕಾರಿ ಇನ್ನೊಂದು ಕಡೆ ನಿಂತಿರುವಾಗ, ಮಗನನ್ನು ತನ್ನ ಸೆರಗಿನಲ್ಲೇ ಇಟ್ಟುಕೊಳ್ಳಬೇಕೆಂಬ ತಾಯಿಯ ಆತಂಕವನ್ನು ಹಟವೆಂದಷ್ಟೇ ಹೇಳಿ ಮುಗಿಸಬಹುದೇ? ಆಕೆಯ ತಪ್ಪುಗಳನ್ನು ಮುಚ್ಚಬೇಕೆಂದಲ್ಲ. ತೀರ್ಪು ಕೊಡುವ ಮೊದಲು ಅವಳ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡಬೇಕು. ಸಹಾನುಭೂತಿಯೆಂದರೆ ಇಷ್ಟೇ.

1853ರಲ್ಲಿ ಅಧಿಕಾರವನ್ನು ತರುಣ ರಾಜನಿಗೆ ಒಪ್ಪಿಸಿ ಟೇಲರ್ ಸುರಪುರವನ್ನು ಬಿಟ್ಟ. ಐದೇ ವರ್ಷಗಳಲ್ಲಿ, 1858ರ ಫೆಬ್ರವರಿಯಲ್ಲಿ, ಸುರಪುರವು ಬ್ರಿಟಿಷರ ವಿರುದ್ಧ ಸಿಡಿದೆದ್ದಿತು. ಕ್ಯಾಪ್ಟನ್ ನ್ಯೂಬೆರಿ ಆ ಕಾಳಗದಲ್ಲಿ ಮಡಿದ. ಹೈದರಾಬಾದಿಗೆ ಹೋದ ರಾಜನು ಅಲ್ಲಿ ಸೆರೆಸಿಕ್ಕ. ಸೆರೆಮನೆಗೆ ಬಂದ ಟೇಲರನನ್ನು ಅವನು ಆಗಲೂ ಕರೆದದ್ದು 'ಅಪ್ಪಾ' ಎಂದೇ. ಮೊದಲು ವಿಧಿಸಿದ ಕಠಿಣ ಶಿಕ್ಷೆಯು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆದರೆ ಮದರಾಸಿನ ಕಡೆಗೆ ಕರೆದೊಯ್ಯುವಾಗ, ಮೇ ತಿಂಗಳ ಸುಡುಬಿಸಿಲಿನಲ್ಲಿ, ಹೈದರಾಬಾದಿನ ಬಳಿಯ ಅಂಬರಪೇಟೆಯಲ್ಲಿ ಗುಂಡೇಟಿನಿಂದ ರಾಜನ ಪ್ರಾಣ ಹೋಯಿತು. ತಾನೇ ಹೊಡೆದುಕೊಂಡನೆಂದು ಟೇಲರ್ ಬರೆದ. ಕೊಂದರೆಂದು ನಂಬುವವರು ನಮ್ಮಲ್ಲಿ ಬಹಳ. ಹೇಗೇ ಇರಲಿ, ತೀರಿಕೊಂಡವನಿಗೆ ಇನ್ನೂ ಇಪ್ಪತ್ನಾಲ್ಕರ ಆಸುಪಾಸು. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು.

ಪರೀಕ್ಷೆಗೆ ನಾವು ಕೇಳುತ್ತಿದ್ದದ್ದು ಇಸವಿಗಳನ್ನು, ಕಾರಣ ಪರಿಣಾಮಗಳನ್ನು. ಅವು ಬೇಕು. ಅದರ ಜೊತೆಗೆ ಒಂದು ಮಗು ಯಾರ ಮಡಿಲಲ್ಲಿ ಬೆಳೆಯಿತು, ಅಳು ಬಂದಾಗ ಯಾರ ಕಡೆಗೆ ಓಡಿತು ಎಂಬುದನ್ನೂ ಕೇಳಬೇಕೆಂದು ನನಗೆ ತೋರುತ್ತದೆ. ಈ ಪ್ರಶ್ನೆ ಅರಮನೆಗೆ ಮಾತ್ರ ಸಂಬಂಧಿಸಿದ್ದಲ್ಲ. ನನ್ನ ತರಗತಿಗಳಲ್ಲೂ ಅದು ಪ್ರತಿವರ್ಷ ಎದುರಾಗುತ್ತಿತ್ತು.

ಸುಗ್ಗಿ ಮುಗಿದೊಡನೆ ನಮ್ಮ ಹಳ್ಳಿ ತಾಂಡಾಗಳಿಂದ ಗುಳೆ ಹೊರಡುವ ಕುಟುಂಬಗಳನ್ನು ನೀವೂ ಕಂಡಿದ್ದೀರಿ. ಕೃಷ್ಣೆಗೆ ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿದು, ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಎಷ್ಟೋ ಹೊಲಗಳು ಹಸಿರಾದವು, ನಿಜ. ಆದರೆ ನೀರು ಮುಟ್ಟದ ಹೊಲಗಳ ಒಡೆಯರೂ, ಹೊಲವೇ ಇಲ್ಲದವರೂ ಬೆಂಗಳೂರು, ಪುಣೆ, ಮುಂಬಯಿಗಳ ಬಸ್ಸು ಹತ್ತುವುದು ನಿಲ್ಲಲಿಲ್ಲ. ದೊಡ್ಡ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ. ಹತ್ತನೆಯ ತರಗತಿಯ ಪರೀಕ್ಷೆ ಬರೆಯುವ ದಿನ ಬುತ್ತಿ ಕಟ್ಟಿಕೊಡಲು ತಾಯಿ ಇರದ ಮಕ್ಕಳೆಷ್ಟೋ! ರಜೆ ಹತ್ತಿರವಾದಂತೆ ಉಳಿದ ಮಕ್ಕಳು ಅಜ್ಜನ ಊರಿನ ಮಾತಾಡುತ್ತಿದ್ದರೆ, ಇವರು ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಒಬ್ಬ ಹುಡುಗಿ, "ಟೀಚರ್, ಎಲ್ಲರಿಗೂ ಸೂಟಿ ಬಂದ್ರ ಮನಿ ತುಂಬತದ, ನಮ್ಮ ಮನಿ ಖಾಲಿ ಆಗತದ" ಎಂದಿದ್ದಳು. ಆ ಮಾತು ನಾನು ಕಲಿಸಿದ ಎಲ್ಲ ಪಾಠಗಳಿಗಿಂತ ಹೆಚ್ಚಿನದನ್ನು ನನಗೆ ಕಲಿಸಿತು.

ಈಗ ನೀವೇ ತಂದೆತಾಯಿಗಳಾಗಿದ್ದೀರಿ. ರಜೆಯಲ್ಲಿ ಮಕ್ಕಳನ್ನು ಊರಿಗೆ ಕರೆತನ್ನಿ. ಬಿಸಿಲೇರುವ ಮೊದಲೇ ಟೇಲರ್ ಮಂಜಿಲ್ ತೋರಿಸಿರಿ. ಬೋನಾಳದ ಹಕ್ಕಿಗಳನ್ನು, ಶಹಾಪುರದಲ್ಲಿ ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟವನ್ನು, ಯಾದಗಿರಿಯ ಕೋಟೆಯನ್ನು ತೋರಿಸಿರಿ. ಮಧ್ಯಾಹ್ನ ಮಜ್ಜಿಗೆ, ಜೋಳದ ರೊಟ್ಟಿ, ಪುಂಡಿಪಲ್ಯ ಉಣಿಸಿರಿ. ರಾತ್ರಿ ಮೊಬೈಲನ್ನು ಕೆಳಗಿಟ್ಟು ಮಾಳಿಗೆ ಹತ್ತಿರಿ. ಬಾಲರಾಜನ ಕತೆಯನ್ನು ಹೇಳಿರಿ, ಅವನ ತಾಯಿಯ ಕತೆಯನ್ನೂ ಹೇಳಿರಿ.

ನಮ್ಮ ಹಿರಿಯರು ಬೇಸಿಗೆಯಲ್ಲಿ ದಾರಿಹೋಕರಿಗೆಂದು ಅರವಟ್ಟಿಗೆ ಇಡುತ್ತಿದ್ದರು. ಬಂದವರ ಹೆಸರು ಕೇಳದೆ ನೀರು ಕೊಡುತ್ತಿದ್ದರು. ಅದೇ ರೀತಿ, ನಿಮ್ಮ ಓಣಿಯಲ್ಲಿ ಅಜ್ಜಿಯ ಬಳಿ ಉಳಿದ ಮಗುವೊಂದು ಇದ್ದರೆ ಅದನ್ನೂ ಮಾಳಿಗೆಗೆ ಕರೆಯಿರಿ. ಇನ್ನೊಂದು ಹಾಸಿಗೆ ಹಾಸಲು ಅಲ್ಲಿ ಜಾಗ ಇದ್ದೇ ಇರುತ್ತದೆ.