ಆರಂಭಿಕ ಅಂತರರಾಷ್ಟ್ರೀಯ ಫುಟ್‌ಬಾಲ್ ಸಮವಸ್ತ್ರ

ಮೊದಲ ಅಧಿಕೃತ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯವನ್ನು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ತಂಡಗಳು 1872ರ ನವೆಂಬರ್ 30ರಂದು ಗ್ಲಾಸ್ಗೋದ ಹ್ಯಾಮಿಲ್ಟನ್ ಕ್ರೆಸೆಂಟ್ ಕ್ರಿಕೆಟ್ ಮೈದಾನದಲ್ಲಿ ಆಡಿದವು. ಫಲಿತಾಂಶ 0-0. ಗೋಲು ಬೀಳದ ಈ ಪಂದ್ಯದಿಂದ ಉಳಿದು ಬಂದದ್ದು ಬಣ್ಣ: ಸ್ಕಾಟರಿಗೆ ಕಡುನೀಲಿ, ಆಂಗ್ಲರಿಗೆ ಬಿಳಿ.

ಸ್ಕಾಟ್ಲೆಂಡಿನ ಹನ್ನೊಂದು ಮಂದಿಯೂ ಕ್ವೀನ್ಸ್ ಪಾರ್ಕ್ ಕ್ಲಬ್ಬಿನವರು. ಆ ಕ್ಲಬ್ಬಿನ ನೀಲಿಯೇ ದೇಶದ ಬಣ್ಣವಾಯಿತು. ಎದೆಯ ಮೇಲೆ ಸಿಂಹ, ಮೊಣಕಾಲಿನವರೆಗಿನ ಬಿಳಿ ಚಡ್ಡಿ, ನೀಲಿ-ಬಿಳಿ ಪಟ್ಟೆಯ ಕಾಲುಚೀಲ, ತಲೆಗೆ ಕೆಂಪು ಕುಲಾವಿ. ಇಂಗ್ಲೆಂಡಿನವರ ಬಿಳಿ ಅಂಗಿಯ ಮೇಲೆ ಮೂರು ಸಿಂಹಗಳ ಲಾಂಛನ, ತಲೆಗೆ ನೀಲಿ ಟೋಪಿ. ಕಲಾವಿದ ವಿಲಿಯಂ ರಾಲ್ಸ್‌ಟನ್ ಬರೆದ ರೇಖಾಚಿತ್ರಗಳಲ್ಲಿ ಆಟಗಾರರು ಟೋಪಿ ಹಾಕಿಕೊಂಡೇ ಚೆಂಡಿನ ಹಿಂದೆ ಓಡುತ್ತಿದ್ದಾರೆ. ತಲೆಯಿಂದ ಚೆಂಡು ಹೊಡೆಯುವ ಆಟ ಆಗಿನ್ನೂ ರೂಢಿಯಾಗಿರಲಿಲ್ಲ.

ಅಂಗಿಯ ಬೆನ್ನಿಗೆ ಸಂಖ್ಯೆ ಬಂದದ್ದು 20ನೇ ಶತಮಾನದಲ್ಲಿ. ಅದಕ್ಕೆ ಮೊದಲು ಆಟಗಾರರನ್ನು ಟೋಪಿ, ಕಾಲುಚೀಲಗಳ ಬಣ್ಣದಿಂದ ಗುರುತಿಸುವುದಿತ್ತು. ಇಂಗ್ಲೆಂಡ್ ಪರ ಆಡಿದವರಿಗೆ ಗೌರವಸೂಚಕವಾಗಿ ಟೋಪಿ ನೀಡುವ ಪದ್ಧತಿಗೆ 1886ರಲ್ಲಿ ಒಪ್ಪಿಗೆ ದೊರೆಯಿತು.

ಬಣ್ಣಗಳು ಕಟ್ಟುನಿಟ್ಟಾಗಿಯೇನೂ ಇರಲಿಲ್ಲ. ಸ್ಕಾಟ್ಲೆಂಡ್ ಕೆಲವೊಮ್ಮೆ ಲಾರ್ಡ್ ರೋಸ್‌ಬೆರಿಯ ರೇಸ್ ಕುದುರೆಗಳ ಬಣ್ಣವಾದ ತಿಳಿಹಳದಿ-ಗುಲಾಬಿ ಧರಿಸಿತು. 1900ರಲ್ಲಿ ಇಂಗ್ಲೆಂಡನ್ನು 4-1ರಿಂದ ಸೋಲಿಸಿದ್ದು ಇದೇ ಉಡುಪಿನಲ್ಲಿ.